ವಸತಿ ಗುರಿ ಬಂತು, ನಿವೇಶನವೇ ಇಲ್ಲ: ಗ್ರಾಮ ಪಂಚಾಯಿತಿ ನಿಯಮ ಸಡಿಲಿಸಬಹುದೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಈ ಸಾಲಿಗೆ ನಮಗೆ 40 ಮನೆಗಳ ಗುರಿ ಬಂದಿದೆ. ಸ್ವಂತ ನಿವೇಶನದ ದಾಖಲೆ ಇರುವ ಅರ್ಹರು ಹುಡುಕಿದರೂ 15 ಮಂದಿಗಿಂತ ಹೆಚ್ಚು ಸಿಗುತ್ತಿಲ್ಲ. ಮನೆ ನಿಜವಾಗಿ ಬೇಕಾದವರು ಎಸ್ಟೇಟಿನವರು ಕೂಲಿಗಳಿಗೆ ಕೊಟ್ಟ ಸಾಲುಮನೆಗಳಾದ ಲೈನ್ ಮನೆಗಳಲ್ಲಿ, ಸರ್ಕಾರಿ ಜಾಗದ ಜೋಪಡಿಗಳಲ್ಲಿ ಇದ್ದಾರೆ. ಜಾಗ ಕೇಳಿದರೆ ‘ಅದು ಅರಣ್ಯ’ ಎನ್ನುತ್ತಾರೆ. ಇತ್ತ ‘ಗುರಿ ವಾಪಸ್ ಹೋಗುತ್ತದೆ, ಹೇಗಾದರೂ ಹೆಸರು ತುಂಬಿಸಿ’ ಎಂಬ ಒತ್ತಡ. ನಮ್ಮ ಊರಿಗೆ ತಕ್ಕಂತೆ ನಿಯಮ ಸಡಿಲಿಸಿ ಪಂಚಾಯಿತಿ ಸಭೆಯಲ್ಲಿ ನಿರ್ಣಯ ಮಾಡಿಕೊಳ್ಳಬಹುದೇ?

ಉತ್ತರ: ನಿಯಮ ಸಡಿಲಿಸುವ ನಿರ್ಣಯ ಮಾಡಬೇಡಿ. ಮಾಡಿದರೂ ನಿಲ್ಲುವುದಿಲ್ಲ. ಕಾನೂನಿಗೆ ಹೊರತಾದ ನಿರ್ಣಯವನ್ನು ಅಮಾನತಿನಲ್ಲಿಡುವ ಅಧಿಕಾರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 237ನೇ ಪ್ರಕರಣದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಇದೆ. ಅಷ್ಟು ದೂರ ಹೋಗುವ ಮೊದಲೇ ದಾಖಲೆ ಹೊಂದದ ಹೆಸರು ವಸತಿ ಯೋಜನೆಯ ತಂತ್ರಾಂಶದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ನಿಮ್ಮ ಪತ್ರ ಓದಿದರೆ ಕೊರತೆ ಇರುವುದು ಜಾಗದ್ದು ಎಂಬುದು ಸ್ಪಷ್ಟ. ನಿವೇಶನವಿಲ್ಲದ ಅರ್ಹರಿಗೆ ಜಾಗ ಕೊಡಿಸುವ ಹೊಣೆಯನ್ನು ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ಯ ಮಾರ್ಗಸೂಚಿ ರಾಜ್ಯ ಸರ್ಕಾರದ ಮೇಲೆಯೇ ಹೊರಿಸಿದೆ. ಸರ್ಕಾರಿ ಜಮೀನು, ಪಂಚಾಯಿತಿಯ ಸಾಮೂಹಿಕ ಜಾಗ, ಯಾವುದಾದರೂ ಸರಿ, ಒದಗಿಸಬೇಕು ಎನ್ನುತ್ತದೆ. ಗುರಿ ಮುಟ್ಟಿಸಿ ಎಂದು ನಿಮ್ಮನ್ನು ಒತ್ತುವ ಕಾಗದದಲ್ಲೇ ಅವರ ಪಾಲಿನ ಕೆಲಸವೂ ಬರೆದಿದೆ. ಹಾಗಾಗಿ ನಿಯಮವನ್ನು ಪಕ್ಕಕ್ಕೆ ಸರಿಸುವುದಕ್ಕಿಂತ ಇಡಿಯಾಗಿ ಹಿಡಿದುಕೊಳ್ಳುವುದೇ ನಿಮಗೆ ಅನುಕೂಲ.

ಮೊದಲು ಯಾವುದು ನಿಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಬೇರೆ ಮಾಡಿಕೊಳ್ಳೋಣ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ 10ನೆಯದು ಗ್ರಾಮೀಣ ವಸತಿ. ಅದನ್ನು ತೋರಿಸಿ ‘ವಸತಿ ಪಂಚಾಯಿತಿಯ ವಿಷಯ’ ಎಂದು ವಾದಿಸುವ ಸದಸ್ಯರಿದ್ದಾರೆ. ಆದರೆ 243ಜಿ ವಿಧಿ ಹೇಳುವುದು ರಾಜ್ಯ ಶಾಸಕಾಂಗವು ಕಾನೂನಿನ ಮೂಲಕ ಪಂಚಾಯಿತಿಗೆ ಅಧಿಕಾರ ‘ಕೊಡಬಹುದು’ ಎಂದು ಮಾತ್ರ. ರಾಜ್ಯ ಎಷ್ಟು ಕೊಟ್ಟಿದೆಯೋ ಅಷ್ಟೇ ನಮ್ಮದು. ಸಹಾಯಧನದ ಮೊತ್ತ, ಅರ್ಹತೆಯ ಮಾನದಂಡ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ, ಸಾಮಾನ್ಯ ಎಂದು ಹಂಚಿಕೊಟ್ಟ ಗುರಿ, ಹಂತಹಂತದ ಜಿಪಿಎಸ್ ಫೋಟೊ, ಇವುಗಳಲ್ಲಿ ಒಂದನ್ನೂ ನೀವು ಅಲುಗಾಡಿಸಲಾರಿರಿ. ಪರಿಶಿಷ್ಟ ಪಂಗಡದ ಗುರಿ ಉಳಿದಿದೆ ಎಂದು ಸಾಮಾನ್ಯ ವರ್ಗದವರ ಹೆಸರು ಅಲ್ಲಿಗೆ ಹಾಕುವಂತಿಲ್ಲ. ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ಮತ್ತು ದುರ್ಗಮ ಎಂದು ಗುರುತಿಸಿದ ಪ್ರದೇಶಕ್ಕೆ 1.30 ಲಕ್ಷ ರೂಪಾಯಿ. ಮನೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಇರಬೇಕು.

ನಿಮ್ಮ ಕೈಯಲ್ಲಿರುವುದೂ ಕಡಿಮೆಯಲ್ಲ. ಯಾರ ಹೆಸರು ಮೊದಲು, ಯಾರದು ನಂತರ. ಯಾರನ್ನು ಕಾರಣ ಬರೆದು ಕೈಬಿಡಬೇಕು. ಹೊಸ ಬಡಾವಣೆ ಯಾವ ಸರ್ವೆ ನಂಬರಿನಲ್ಲಿ ಬರಬೇಕೆಂಬ ಪ್ರಸ್ತಾವ. ಮನೆಯ ನಕ್ಷೆ ಮತ್ತು ಛಾವಣಿಯ ಬಗೆ. 64ನೇ ಪ್ರಕರಣದಡಿ ಕಟ್ಟಡ ಪರವಾನಗಿ. ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಎಷ್ಟು ದಿನದಲ್ಲಿ ಕೈಸೇರಬೇಕು. ರಸ್ತೆ, ಚರಂಡಿ, ನೀರಿಗೆ ಯಾವ ಅನುದಾನ ಜೋಡಿಸಬೇಕು. ಗ್ರಾಮ ಸಭೆ ಯಾವ ತಿಂಗಳಲ್ಲಿ ನಡೆಯಬೇಕು. ಮಲೆನಾಡಿನಲ್ಲಿ ಈ ಕೊನೆಯದ್ದೇ ಎಷ್ಟೋ ಮನೆಗಳ ಹಣೆಬರಹ ಬರೆಯುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಈಗ ಆ 40 ಮತ್ತು 15ರ ವಿಷಯ. ಬಳಸದ ಗುರಿ ಬೇರೆ ಪಂಚಾಯಿತಿಗೆ ಹೋಗಬಹುದು ಎಂಬುದು ನಿಜ. ಆದರೂ ಜಾಗವಿಲ್ಲದವರ ಹೆಸರನ್ನು ಅಣ್ಣನ ಖಾತೆ, ಮಾವನ ಪಹಣಿ ಲಗತ್ತಿಸಿ ತುಂಬಿಸುವುದು ಗುರಿ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ. ಆದೇಶಪತ್ರ ಬರುತ್ತದೆ, ತಳಪಾಯ ಹಾಕಲು ಹೋದಾಗ ಅಣ್ಣ ಅಡ್ಡ ಬರುತ್ತಾನೆ, ಗಡುವು ಮೀರುತ್ತದೆ, ಮನೆ ‘ಬ್ಲಾಕ್’ ಆಗುತ್ತದೆ. ಆ ಕುಟುಂಬದ ಆಧಾರ್ ಮತ್ತು ಪಡಿತರ ಚೀಟಿ ಸಂಖ್ಯೆ ಅಷ್ಟರಲ್ಲಿ ತಂತ್ರಾಂಶದಲ್ಲಿ ಫಲಾನುಭವಿ ಎಂದು ದಾಖಲಾಗಿರುತ್ತದೆ. ಒಂದು ಕಂತು ಪಡೆದಿದ್ದರಂತೂ ಮುಂದೆ ನಿಜವಾಗಿ ನಿವೇಶನ ಸಿಕ್ಕಾಗ ‘ಈಗಾಗಲೇ ಸೌಲಭ್ಯ ಪಡೆದವರು’ ಎಂಬ ಉತ್ತರ, ಮೇಲೆ ವಸೂಲಾತಿ ನೋಟಿಸು. ಗುರಿಯ ಅಂಕಿ ತುಂಬಿಸಲು ಹೋಗಿ ಒಂದು ಬಡ ಕುಟುಂಬದ ಮುಂದಿನ ಬಾಗಿಲನ್ನೂ ಮುಚ್ಚಿದಂತಾಗುತ್ತದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ.

ಹಾಗೆಂದು 15ಕ್ಕೇ ನಿಲ್ಲಬೇಕಿಲ್ಲ. ‘ನಿವೇಶನ ಇಲ್ಲ’ ಎಂದು ಬರೆಸಿದವರ ಪಟ್ಟಿಯನ್ನು ಮನೆಮನೆಗೆ ಹೋಗಿ ಜರಡಿ ಹಿಡಿಯಿರಿ. ಕೆಲವರ ಮನೆ ಗ್ರಾಮಠಾಣಾದಲ್ಲೇ, ಅಂದರೆ ಊರಿನ ವಾಸದ ಜಾಗದಲ್ಲೇ ಇರುತ್ತದೆ, ಆದರೆ ಅಜ್ಜನ ಹೆಸರಿನಲ್ಲಿ ಕಂದಾಯ ಕಟ್ಟುತ್ತಿರುತ್ತಾರೆ. ಅವರಿಗೆ ಬೇಕಾದದ್ದು ವಂಶವೃಕ್ಷ, ಪೌತಿ ಖಾತೆ (ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಆಗುವುದು), ಆಮೇಲೆ ಪಂಚಾಯಿತಿ ಆಸ್ತಿಗಳ ತಂತ್ರಾಂಶವಾದ ಇ-ಸ್ವತ್ತಿನಲ್ಲಿ ನಮೂನೆ 9. ಕೆಲವರಿಗೆ ತಂದೆಯ ಜಾಗದಲ್ಲಿ ಪಾಲು ಇರುತ್ತದೆ. ನೋಂದಾಯಿತ ವಿಭಾಗ ಪತ್ರ ಅಥವಾ ದಾನಪತ್ರ ಆದರೆ ದಾರಿ ಸುಗಮ. ಇಪ್ಪತ್ತು ರೂಪಾಯಿ ಛಾಪಾ ಕಾಗದದ ಒಪ್ಪಿಗೆ ಪತ್ರವನ್ನು ನೆಚ್ಚಿಕೊಳ್ಳಬೇಡಿ, ಅಣ್ಣತಮ್ಮಂದಿರ ಜಗಳದಲ್ಲಿ ಅದು ನಿಲ್ಲುವುದಿಲ್ಲ. ಇನ್ನು ಕೆಲವರಿಗೆ ಒಂದೆರಡು ಎಕರೆ ಹಿಡುವಳಿ ಇದ್ದು ಅದರಲ್ಲೇ ಗುಡಿಸಲು ಹಾಕಿಕೊಂಡಿರುತ್ತಾರೆ. ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣ ರೈತನಿಗೆ ತನ್ನ ಹಿಡುವಳಿಯ ಶೇ 10 ಮೀರದ ಜಾಗದಲ್ಲಿ ಭೂಪರಿವರ್ತನೆ ಇಲ್ಲದೆ ತೋಟದ ಮನೆ ಕಟ್ಟಲು ಬಿಡುತ್ತದೆ. ಸರ್ಕಾರಿ ಕಂದಾಯ ಜಾಗದಲ್ಲಿ ನಿಗದಿತ ದಿನಾಂಕಕ್ಕೆ ಮೊದಲೇ ಮನೆ ಕಟ್ಟಿಕೊಂಡು ವಾಸವಿರುವವರಿಗೆ, ಆ ಜಾಗವನ್ನು ಸಕ್ರಮ ಮಾಡಿಕೊಡುವ ಅದೇ ಅಧಿನಿಯಮದ 94ಸಿ ಪ್ರಕರಣ ಇದೆ. ಅವರ ಅರ್ಜಿ ತಹಶೀಲ್ದಾರರ ಕಚೇರಿಯಲ್ಲಿ ಯಾವ ಮೇಜಿನ ಮೇಲೆ ಕುಳಿತಿದೆ ಎಂದು ವಿಚಾರಿಸಿ. ಹಕ್ಕುಪತ್ರ ಕೈಗೆ ಬಂದ ದಿನವೇ ಅವರು ನಿವೇಶನ ಉಳ್ಳವರಾಗುತ್ತಾರೆ. ದಾಖಲೆಗೆ ಸೇರದ ಹಾಡಿ, ಹಟ್ಟಿ, ತಾಂಡಾಗಳಿದ್ದರೆ ಅಲ್ಲಿನ ಮನೆಗಳಿಗೆ 94ಡಿ ಪ್ರಕರಣ ನೋಡಿ. ಹೀಗೆ ಜರಡಿ ಹಿಡಿದರೆ ಎಷ್ಟೋ ಕಡೆ ‘ನಿವೇಶನರಹಿತ’ ಪಟ್ಟಿಯ ಒಂದು ಭಾಗ ಬರೀ ದಾಖಲೆ ಇಲ್ಲದವರದ್ದು ಎಂದು ತಿಳಿಯುತ್ತದೆ.

ಉಳಿದವರು ನಿಜವಾಗಿ ಅಂಗೈಯಗಲ ನೆಲ ಇಲ್ಲದವರು. ಅವರಿಗೆ ಜಾಗ ಬೇಕು. ‘ಅದು ಅರಣ್ಯ’ ಎಂಬ ಮಾತನ್ನು ಬಾಯಿಮಾತಿನಲ್ಲಿ ಕೇಳಿ ಹಿಂದಕ್ಕೆ ಬರಬೇಡಿ. ನಮ್ಮ ಕಡೆ ಅರಣ್ಯ ಎಂಬ ಒಂದೇ ಪದದ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳಿವೆ, ನಾಲ್ಕಕ್ಕೂ ಉತ್ತರ ಬೇರೆ. ಕರ್ನಾಟಕ ಅರಣ್ಯ ಅಧಿನಿಯಮ, 1963ರ 17ನೇ ಪ್ರಕರಣದಡಿ ಅಂತಿಮ ಅಧಿಸೂಚನೆ ಆಗಿದ್ದರೆ ಅದು ಮೀಸಲು ಅರಣ್ಯ. ಅಲ್ಲಿ ನಿವೇಶನದ ಆಸೆ ಬಿಡಿ. 4ನೇ ಪ್ರಕರಣದ ಅಧಿಸೂಚನೆ ಮಾತ್ರ ಆಗಿ ದಶಕಗಳಿಂದ ನಿಂತಿದ್ದರೆ ಅದು ಪ್ರಸ್ತಾವಿತ. ಅರಣ್ಯ ವ್ಯವಸ್ಥಾಪನಾಧಿಕಾರಿಯ ವಿಚಾರಣೆ ಮುಗಿದಿಲ್ಲ ಎಂದರ್ಥ, ಊರಿನವರ ಹಕ್ಕಿನ ತಕರಾರನ್ನು ಅಲ್ಲಿ ಸಲ್ಲಿಸಬೇಕು. ಮೂರನೆಯದು ಡೀಮ್ಡ್ ಅರಣ್ಯ, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ. 1996ರ ಡಿಸೆಂಬರ್ 12ರ ಗೋದವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಕಂದಾಯ ದಾಖಲೆಯ ಎಷ್ಟೋ ಜಾಗ ಈ ಹೆಸರಿಗೆ ಸೇರಿತು. ರಾಜ್ಯ ಸರ್ಕಾರ ಮೊದಲು ಹೇಳಿದ್ದ 9.94 ಲಕ್ಷ ಹೆಕ್ಟೇರನ್ನು ಮರುಪರಿಶೀಲಿಸಿ 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ನಿಮ್ಮ ಸರ್ವೆ ನಂಬರು ಹಳೆಯ ಪಟ್ಟಿಯಲ್ಲಿದ್ದು ಪರಿಷ್ಕೃತ ಪಟ್ಟಿಯಿಂದ ಹೊರಬಿದ್ದಿರುವ ಸಾಧ್ಯತೆ ಇದೆ. ಎರಡೂ ಪಟ್ಟಿ ತರಿಸಿ ನೋಡಿ. ಹೊರಬಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ: ಅರಣ್ಯ ಎಂದರೆ ಏನೆಂಬ ಗೋದವರ್ಮನ್ ವ್ಯಾಖ್ಯೆಯನ್ನೇ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 19ರಂದು ಮತ್ತೆ ಹೇಳಿದೆ. ಆದ್ದರಿಂದ ಅರಣ್ಯ ಇಲಾಖೆಯ ಲಿಖಿತ ಅಭಿಪ್ರಾಯ ಕಡತದಲ್ಲಿ ಇರಲೇಬೇಕು. ನಾಲ್ಕನೆಯದು ಕಾನು (ಊರ ಪಕ್ಕದ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಗೋಮಾಳ (ಊರ ದನ ಮೇಯುವ ಜಾಗ) ಇಂಥ ಕಂದಾಯ ಜಮೀನು. ಅದರಲ್ಲಿ ಮರ ಬೆಳೆದಿದೆ ಅಥವಾ ಇಲಾಖೆ ಅಕೇಶಿಯಾ ನೆಟ್ಟಿದೆ ಎಂಬುದಕ್ಕೇ ಜನ ಅದನ್ನು ಅರಣ್ಯ ಎನ್ನುತ್ತಾರೆ. ಇಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಕೇಳಲು ನಿಮಗೆ ನೆಲೆ ಇದೆ.

ಕೇಳುವ ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದ ಕಾಗದಗಳು: ಆ ಸರ್ವೆ ನಂಬರಿನ ಪಹಣಿ, ಹಳೆಯ ಕೈಬರಹದ ಪಹಣಿ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್, ಗ್ರಾಮ ನಕ್ಷೆ. ಪಹಣಿಯ ವಿಸ್ತೀರ್ಣಕ್ಕೂ ಆಕಾರ್‌ಬಂದ್ ವಿಸ್ತೀರ್ಣಕ್ಕೂ ತಾಳೆ ಇಲ್ಲದಿರುವುದು ಮಲೆನಾಡಿನಲ್ಲಿ ಸಾಮಾನ್ಯ. 20 ಎಕರೆ ಗೋಮಾಳ ಎಂದು ಪಹಣಿ ಹೇಳಿದರೂ ಅದರಲ್ಲಿ ಸಾಗುವಳಿ ಚೀಟಿ ಕೊಟ್ಟದ್ದು, ಒತ್ತುವರಿ ಆದದ್ದು ಕಳೆದರೆ ಸ್ಥಳದಲ್ಲಿ ನಾಲ್ಕೇ ಎಕರೆ ಉಳಿದಿರಬಹುದು. ಅಳತೆ ಮಾಡಿಸದೆ ಪ್ರಸ್ತಾವ ಕಳಿಸಿದರೆ ಅದು ತಿರುಗಿ ಬರುವುದು ಖಂಡಿತ.

ಗೋಮಾಳಕ್ಕೆ ಒಂದು ಲೆಕ್ಕವಿದೆ. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969ರ 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಮೀಸಲಿರಬೇಕು. ಗ್ರಾಮದಲ್ಲಿ 60 ಜಾನುವಾರು ಉಳಿದಿದ್ದರೆ 18 ಎಕರೆ ಸಾಕು. 25 ಎಕರೆ ಗೋಮಾಳವಿದ್ದರೆ 7 ಎಕರೆ ಹೆಚ್ಚುವರಿ. ಕೊಟ್ಟಿಗೆಗಳು ಖಾಲಿಯಾಗಿರುವ ಊರುಗಳಲ್ಲಿ ಈ ಲೆಕ್ಕ ನಿಮ್ಮ ಪರವಾಗಿ ಬರುವುದೇ ಹೆಚ್ಚು. ಪಶು ಆಸ್ಪತ್ರೆಯಿಂದ ಗ್ರಾಮವಾರು ಜಾನುವಾರು ಸಂಖ್ಯೆಯ ದೃಢೀಕರಣ ಪಡೆದು ಪ್ರಸ್ತಾವಕ್ಕೆ ಲಗತ್ತಿಸಿ. ‘ಗೋಮಾಳ ಮುಟ್ಟಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ’ ಎಂದು ಯಾರಾದರೂ 2011ರ ಜಗಪಾಲ್ ಸಿಂಗ್ ತೀರ್ಪು ಎತ್ತಿದರೆ, ಆ ತೀರ್ಪನ್ನೇ ಪೂರ್ತಿ ಓದಲು ಹೇಳಿ. ಅದು ಗುಡುಗಿದ್ದು ಬಲಾಢ್ಯರ ಒತ್ತುವರಿಯ ವಿರುದ್ಧ. ಸರ್ಕಾರದ ಅಧಿಸೂಚನೆಯಡಿ ಭೂರಹಿತ ಕೂಲಿಕಾರರಿಗೆ, ಪರಿಶಿಷ್ಟರಿಗೆ ಕೊಟ್ಟದ್ದನ್ನು ವಿನಾಯಿತಿಯ ಉದಾಹರಣೆಯಾಗಿ ಅದೇ ಹೆಸರಿಸಿದೆ. ಹೆಚ್ಚುವರಿ ಜಾಗವನ್ನು ಭೂ ಕಂದಾಯ ಅಧಿನಿಯಮದ 71ನೇ ಪ್ರಕರಣದಡಿ ವಸತಿ ಉದ್ದೇಶಕ್ಕೆ ಕಾಯ್ದಿರಿಸುವವರು ಜಿಲ್ಲಾಧಿಕಾರಿ. ಕಡತ ನಡೆಯುವ ಹಾದಿ: ಪಂಚಾಯಿತಿ ನಿರ್ಣಯ, ಗ್ರಾಮ ಆಡಳಿತಾಧಿಕಾರಿಯ ವರದಿ, ಸರ್ವೆಯರ್ ನಕ್ಷೆ, ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ.

ಅರಣ್ಯ ಹಕ್ಕು ಕಾಯ್ದೆ, 2006ರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. 3(2)ನೇ ಪ್ರಕರಣದಡಿ ಗ್ರಾಮ ಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಸೌಕರ್ಯಗಳಿಗೆ ಬಳಸಬಹುದು ಎಂಬುದು ಸರಿ. ಆದರೆ ಆ 13ರ ಪಟ್ಟಿಯಲ್ಲಿ ಶಾಲೆ, ಅಂಗನವಾಡಿ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು, ಸಮುದಾಯ ಭವನ ಇವೆ. ಮನೆ ನಿವೇಶನ ಇಲ್ಲ. ಬಡಾವಣೆಗೆ ಹೋಗುವ ರಸ್ತೆಗೆ ಅದನ್ನು ಬಳಸಬಹುದು, ಬಡಾವಣೆಗೆ ಬಳಸಲಾಗದು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯದಲ್ಲೇ ವಾಸವಿರುವ ಗಿರಿಜನ ಕುಟುಂಬಗಳ ವಾಸದ ಹಕ್ಕು ಬೇರೆಯೇ ಅಧ್ಯಾಯ. ಅದು ನಿವೇಶನ ಹಂಚಿಕೆಯಲ್ಲ, ಇರುವ ಹಕ್ಕಿಗೆ ಮಾನ್ಯತೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡನ್ನು ತೋರಿಸಿ ಬಡವರ ಮನೆಗೆ ಬೇಡ ಎನ್ನುವವರೂ ಇದ್ದಾರೆ. 2024ರ ಜುಲೈ 31ರ ಆ ಕರಡು ತಡೆಯುವುದು 20,000 ಚದರ ಮೀಟರಿಗೂ ಮೇಲ್ಪಟ್ಟ ಕಟ್ಟಡ ಯೋಜನೆಗಳನ್ನು, ದೊಡ್ಡ ಟೌನ್‌ಶಿಪ್‌ಗಳನ್ನು. 269 ಚದರ ಅಡಿಯ ಮನೆಗೂ ಅದಕ್ಕೂ ಸಂಬಂಧವಿಲ್ಲ.

ಜಾಗ ಸಿಕ್ಕರೂ ಎಲ್ಲ ಜಾಗವೂ ಮನೆಗೆ ಆಗುವುದಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ನಿಮ್ಮದೇ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಊರುಗಳು ಏನಾದವೆಂದು ನಿಮಗೆ ಹೇಳಬೇಕಿಲ್ಲ. ಜಾಗವನ್ನು ಒಮ್ಮೆ ಜುಲೈ ತಿಂಗಳಲ್ಲಿ ಹೋಗಿ ನೋಡಿ. ಬೇಸಿಗೆಯಲ್ಲಿ ಗಟ್ಟಿ ನೆಲವಾಗಿ ಕಾಣುವ ಕಡೆ ಮಳೆಗಾಲದಲ್ಲಿ ಜಲ ಏಳುತ್ತದೆ. ಅಂಥ ಕಡೆ ತಳಪಾಯ ಕೂರುತ್ತದೆ, ಗೋಡೆ ಸೀಳುತ್ತದೆ. ಇಳಿಜಾರನ್ನು ಜೆಸಿಬಿಯಿಂದ ನೇರಕ್ಕೆ ಕಡಿದು ಧರೆಯ ಬುಡದಲ್ಲೇ ಮನೆ ಕೂರಿಸುವುದು ಅತಿ ದೊಡ್ಡ ತಪ್ಪು. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರವಾದರೂ ಗೋಡೆಗೂ ಧರೆಗೂ ನಡುವೆ ಇರಲಿ, ಧರೆಯ ತಲೆಯ ಮೇಲೆ ನೀರು ತಿರುಗಿಸುವ ಕಾಲುವೆ ಇರಲಿ. ತುಂಬಿದ ಮಣ್ಣಿನ ಅಂಚಿಗೆ ಮನೆ ಬೇಡ. ಮಟ್ಟ ಮಾಡುವ ಖರ್ಚು, ತಡೆಗೋಡೆಯ ಖರ್ಚು ಮನೆಯ ಸಹಾಯಧನದೊಳಗೆ ಬರುವುದಿಲ್ಲ. ಪಂಚಾಯಿತಿಯ ಅನುದಾನದಲ್ಲಿ ಅದನ್ನು ಮೊದಲೇ ಕ್ರಿಯಾ ಯೋಜನೆಗೆ ಸೇರಿಸದಿದ್ದರೆ ಹಕ್ಕುಪತ್ರ ಹಂಚಿದ ನಿವೇಶನ ವರ್ಷಗಟ್ಟಲೆ ಲಂಟಾನಾ ಬೆಳೆದು ಕೂರುತ್ತದೆ.

ಎಷ್ಟು ನಿವೇಶನ ಬರುತ್ತವೆ ಎಂಬುದನ್ನೂ ನೆಲಕ್ಕೆ ತಕ್ಕಂತೆ ಲೆಕ್ಕ ಹಾಕಿ. ಒಂದು ಎಕರೆ 43,560 ಚದರ ಅಡಿ. ರಸ್ತೆ, ಚರಂಡಿ, ತೆರೆದ ಜಾಗಕ್ಕೆ ಶೇ 45 ಬಿಟ್ಟರೆ ಸುಮಾರು 23,950 ಉಳಿಯುತ್ತದೆ. 30×40 ಅಡಿಯವು 19, 20×30 ಅಡಿಯವು 39. ಕಡಿದಾದ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾಡಬೇಕಾದ್ದರಿಂದ ಇದಕ್ಕಿಂತಲೂ ಕಡಿಮೆ. ಸಂಖ್ಯೆ ಹೆಚ್ಚು ತೋರಿಸುವ ಆಸೆಗೆ 20×30ಕ್ಕೆ ಇಳಿದರೆ ಬಚ್ಚಲು ನೀರಿನ ಇಂಗುಗುಂಡಿಗೂ ಪಕ್ಕದ ಮನೆಯ ತಳಪಾಯಕ್ಕೂ ಅಂತರವೇ ಉಳಿಯುವುದಿಲ್ಲ. ಮಲೆನಾಡಿನ ಹಳ್ಳಿಗೆ 30×40 ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಎರಡು ಕುಟುಂಬ ಮುಂದಿನ ವರ್ಷಕ್ಕೆ ಉಳಿದರೂ ಸರಿಯೇ.

ಸರ್ಕಾರಿ ಜಾಗ ಏನೂ ಇಲ್ಲದಿದ್ದರೆ ಖಾಸಗಿ ಜಮೀನು ಖರೀದಿಗೆ ಪ್ರಸ್ತಾವ ಕಳಿಸಬಹುದು. ಮಾರ್ಗಸೂಚಿ ದರಕ್ಕೂ ಕಾಫಿ ತೋಟದ ಮಾರುಕಟ್ಟೆ ಬೆಲೆಗೂ ಇರುವ ಅಂತರದಿಂದ ಮೂಡಿಗೆರೆ, ಸಕಲೇಶಪುರದ ಕಡೆ ಮಾರುವವರು ಸಿಗುವುದು ಕಷ್ಟ. ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ಇದು ಸುಲಭ. ಒಂದೇ ಜಿಲ್ಲೆಯ ಎರಡು ತಾಲ್ಲೂಕಿಗೆ ಒಂದೇ ಅಳತೆಯ ಗುರಿ, ಒಂದೇ ಗಡುವು ಹಾಕುವುದು ಎಷ್ಟು ಅನ್ಯಾಯ ಎಂಬುದು ಇಲ್ಲಿ ಕಾಣುತ್ತದೆ. ಬಯಲಿನ ಪಂಚಾಯಿತಿಗಳು ಗುರಿ ಮುಟ್ಟಿಸುವುದು ಜಾಣತನದಿಂದಷ್ಟೇ ಅಲ್ಲ, ಜಾಗ ಇರುವುದರಿಂದ.

ಲೈನ್ ಮನೆಗಳ ವಿಷಯಕ್ಕೆ ಬರೋಣ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅದೇ. ತೋಟದಲ್ಲಿ ವಾಸವಿರುವ ಕಾರ್ಮಿಕರಿಗೆ ವಸತಿ ಕೊಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹಾಕಿತ್ತು. ಈಗ ಆ ಕಾಯ್ದೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ‘ಅವರಿಗೆ ಎಸ್ಟೇಟ್ ಮನೆ ಕೊಟ್ಟಿದೆಯಲ್ಲ’ ಎಂದು ಪಟ್ಟಿಯಿಂದ ಕೈಬಿಡುವುದು ಇದೇ ಕಾರಣಕ್ಕೆ. ಆದರೆ ಲೈನ್ ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಗುತ್ತದೆ. ಮೂವತ್ತು ವರ್ಷ ಹಣ್ಣು ಕೊಯ್ದ ಹೆಂಗಸು ಮೈ ಸೋತ ದಿನ ಸಾಮಾನು ಹೊರಗಿಡಬೇಕು. ಹಾಗಾಗಿ ಅವರು ‘ವಾಸವಿರುವ ಮನೆ ಸ್ವಂತದ್ದಲ್ಲ, ರಾಜ್ಯದ ಎಲ್ಲಿಯೂ ಸ್ವಂತ ಮನೆ, ನಿವೇಶನ ಇಲ್ಲ’ ಎಂಬ ಘೋಷಣೆಯೊಂದಿಗೆ ನಿವೇಶನರಹಿತರ ಪಟ್ಟಿಗೆ ಬರಬೇಕಾದವರು. ವಾಸದ ದೃಢೀಕರಣಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೊಡುವ ಚೀಟಿಯನ್ನೇ ಕಾಯಬೇಕಿಲ್ಲ; ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲಾತಿ ಇವೆ.

ಇಲ್ಲಿ ಎರಡು ಎಚ್ಚರಿಕೆ. ಲೈನ್ ಮನೆ ನಿಂತ ಜಾಗದಲ್ಲೇ ಯೋಜನೆಯ ಮನೆ ಮಂಜೂರು ಮಾಡಬೇಡಿ. ನೆಲ ತೋಟದ್ದಾಗಿರುವಷ್ಟು ದಿನ ಸರ್ಕಾರದ ಹಣದಲ್ಲಿ ಕಟ್ಟಿದ ಗೋಡೆಯೂ ಕಾರ್ಮಿಕರದ್ದಾಗುವುದಿಲ್ಲ. ಮಾಲೀಕರು ಒಳ್ಳೆಯ ಮನಸ್ಸಿನಿಂದ ‘ಒಂದು ಮೂಲೆ ಬಿಟ್ಟುಕೊಡುತ್ತೇನೆ’ ಎಂದರೆ ಮಾತಿಗೆ ನಿಲ್ಲದೆ ಅಳತೆ, ಭೂಪರಿವರ್ತನೆ, ನೋಂದಾಯಿತ ದಾನಪತ್ರ ಮೂರನ್ನೂ ಮುಗಿಸಿ. ಸಾಧ್ಯವಾದರೆ ದಾನ ಪಂಚಾಯಿತಿಗೆ ಬರಲಿ, ಹಂಚಿಕೆ ಗ್ರಾಮ ಸಭೆಯಲ್ಲಿ ಆಗಲಿ. ಇಲ್ಲದಿದ್ದರೆ ಆ ಮೂಲೆ ಮಾಲೀಕರ ಮಾತು ಕೇಳುವ ಕೂಲಿಗಳಿಗಷ್ಟೇ ಮೀಸಲಾಗುತ್ತದೆ.

ಗ್ರಾಮ ಸಭೆಯಲ್ಲಿ ಆದ್ಯತೆ ನಿರ್ಧರಿಸುವಾಗ ನಿಮ್ಮ ಅಧಿಕಾರ ನಿಜವಾದದ್ದು, ಆದರೆ ಎಲ್ಲವೂ ಬರವಣಿಗೆಯಲ್ಲಿ ದಾಖಲಾದಾಗ ಮಾತ್ರ. ಅಂಕ ಸಮವಾಗಿ ನಿಂತ ಕುಟುಂಬಗಳಲ್ಲಿ ಯಾರು ಮೊದಲು ಎಂಬುದಕ್ಕೆ ಕೇಂದ್ರದ ಮಾರ್ಗಸೂಚಿ ಕೆಲವರನ್ನು ಹೆಸರಿಸಿದೆ: ಹುತಾತ್ಮ ಯೋಧರ, ಪೊಲೀಸರ ಕುಟುಂಬ, ಕುಷ್ಠ, ಕ್ಯಾನ್ಸರ್, ಎಚ್‌ಐವಿ ಬಾಧಿತರಿರುವ ಕುಟುಂಬ, ಒಬ್ಬಳೇ ಹೆಣ್ಣುಮಗಳಿರುವ ಕುಟುಂಬ, ಅರಣ್ಯ ಹಕ್ಕು ಪಡೆದವರು, ಲಿಂಗತ್ವ ಅಲ್ಪಸಂಖ್ಯಾತರು. ಯಾರ ಹೆಸರು ಕೈಬಿಟ್ಟರೂ ಕಾರಣವನ್ನು ಆ ಹೆಸರಿನ ಮುಂದೆಯೇ ಬರೆಯಿಸಿ. ‘ಅನರ್ಹ’ ಎಂಬ ಒಂದೇ ಪದ ಸಾಲದು. ‘ಇಂತಹ ನಂಬರಿನ ಪಕ್ಕಾ ಮನೆ ಇದೆ’, ‘ಮೃತರು, ವಾರಸುದಾರರಿಲ್ಲ’ ಎಂದಿರಬೇಕು. ಕೋರಂ ಎಣಿಸಿ ದಾಖಲಿಸಿ, ಪುಸ್ತಕದಲ್ಲಿ ಕೊನೆಯ ಹೆಸರಿನ ಕೆಳಗೆ ಗೆರೆ ಎಳೆದು ಸಹಿ ಮಾಡಿಸಿ, ಅಂದೇ ಫೋಟೊ ತೆಗೆದುಕೊಳ್ಳಿ. ಖಾಲಿ ಬಿಟ್ಟ ಸಾಲುಗಳಲ್ಲಿ ರಾತ್ರೋರಾತ್ರಿ ಹೆಸರು ಹುಟ್ಟಿಕೊಳ್ಳುವುದು ಅಲ್ಲೇ.

ಇನ್ನು ಋತುಮಾನ. ಮಂಜೂರಾದ 12 ತಿಂಗಳಲ್ಲಿ ಮನೆ ಮುಗಿಯಬೇಕೆಂಬುದು ಕೇಂದ್ರ ಯೋಜನೆಯ ನಿರೀಕ್ಷೆ. ಏಪ್ರಿಲ್‌ನಲ್ಲಿ ಆದೇಶಪತ್ರ ಕೊಟ್ಟರೆ ತಳಪಾಯದ ಗುಂಡಿ ತೋಡುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಸೆಪ್ಟೆಂಬರ್‌ವರೆಗೆ ಗುಂಡಿಯ ತುಂಬ ನೀರು. ಮಳೆ ಬಿಟ್ಟ ಮೇಲೆ ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ. ಗಾರೆಯವರಿಗೆ ಕೈಯಾಳು ಸಿಗುವುದಿಲ್ಲ, ಫಲಾನುಭವಿಯೂ ಕೊಯ್ಲು ಬಿಟ್ಟು ಮನೆ ಕೆಲಸಕ್ಕೆ ನಿಲ್ಲಲಾರ. ಗಡುವು ಮೀರುವುದು ಜನರ ಸೋಮಾರಿತನದಿಂದಲ್ಲ. ಈ ಕ್ಯಾಲೆಂಡರನ್ನು ನೀವು ಗೆಲ್ಲಬಹುದಾದ ದಾರಿ ಒಂದಿದೆ: ವಾರ್ಡ್ ಸಭೆಯನ್ನು ಆಗಸ್ಟ್‌ನಲ್ಲಿ, ಗ್ರಾಮ ಸಭೆಯನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ಮುಗಿಸಿ, ಆದೇಶಪತ್ರ ಅಕ್ಟೋಬರ್ ಮೊದಲ ವಾರ ಕೈಗೆ ಬರುವಂತೆ ಬೆನ್ನು ಹತ್ತಿ. ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲು ತಳಪಾಯ ಮುಗಿದು ಮೊದಲ ಕಂತು ಬಂದಿರಬೇಕು. ಲಿಂಟಲ್ ಮಟ್ಟ ಜನವರಿಯೊಳಗೆ, ಛಾವಣಿ ಏಪ್ರಿಲ್ ಕೊನೆಯೊಳಗೆ. ಉದ್ಯೋಗ ಖಾತರಿಯ 90 ಮಾನವ ದಿನಗಳ ಕೂಲಿ ಸಹಾಯಧನದಿಂದ ಬೇರೆ. ಪ್ರತಿ ಹಂತಕ್ಕೂ ಹಾಜರಾತಿ ಪಟ್ಟಿ ತೆಗೆಯದೆ ಹಲವರು ಇದನ್ನು ಕಳೆದುಕೊಳ್ಳುತ್ತಾರೆ. ಬ್ಯಾಂಕ್ ಖಾತೆಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಕಂತು ನಿಲ್ಲುತ್ತದೆ, ಅದನ್ನು ಮಳೆಗಾಲದಲ್ಲೇ ಸರಿಪಡಿಸಿ.

ಛಾವಣಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಾರಸಿಯೇ ಆಗಬೇಕೆಂಬ ನಿಯಮವಿಲ್ಲ. ಮಾಮೂಲಿ ಬಳಕೆಯಲ್ಲಿ, ಅಲ್ಲಿನ ಹವೆಗೆ ಕನಿಷ್ಠ 30 ವರ್ಷ ನಿಲ್ಲುವ ಪಕ್ಕಾ ಮನೆ ಎಂಬುದೇ ಷರತ್ತು, ಸ್ಥಳೀಯ ಸಾಮಗ್ರಿ ಮತ್ತು ವಿನ್ಯಾಸಕ್ಕೆ ಮಾರ್ಗಸೂಚಿ ಪ್ರೋತ್ಸಾಹ ಕೊಡುತ್ತದೆ. ನಮ್ಮ ಮಳೆಗೆ ಕಡಿಮೆ ಖರ್ಚಿನ ಚಪ್ಪಟೆ ತಾರಸಿ ಎರಡೇ ವರ್ಷಕ್ಕೆ ಸೋರುತ್ತದೆ, ಆಮೇಲೆ ಸಾಲ ಮಾಡಿ ಅದರ ಮೇಲೆ ಶೀಟು ಹೊದಿಸುತ್ತಾರೆ. ಮಂಗಳೂರು ಹೆಂಚಿನ ಮಾಡಾದರೆ 5×5 ಮೀಟರ್ ಮನೆಗೆ ಸುತ್ತ ಎರಡಡಿ ಚಾಚು ಸೇರಿ, 28 ಡಿಗ್ರಿ ಇಳಿಜಾರಿನಲ್ಲಿ ಸುಮಾರು 44 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 15 ಹೆಂಚಿನ ಲೆಕ್ಕಕ್ಕೆ 660, ಒಡೆಯುವುದಕ್ಕೆ ಸೇರಿಸಿ 700 ತರಿಸಿ, ಮೂಲೆಹೆಂಚು ಬೇರೆ. ಪಾಯದ ಮಟ್ಟ ನೆಲದಿಂದ ಎರಡಡಿ ಮೇಲಿರಲಿ, ಪಡುವಣ ಗೋಡೆಗೆ ಚಾಚು ಇನ್ನಷ್ಟು ಮುಂದಕ್ಕೆ ಬರಲಿ. ಇಂಥ ಒಂದೆರಡು ಮಾದರಿ ನಕ್ಷೆಗಳನ್ನು ಪಂಚಾಯಿತಿ ಸಭೆಯಲ್ಲೇ ಒಪ್ಪಿಟ್ಟುಕೊಂಡರೆ ಪ್ರತಿ ಫಲಾನುಭವಿಯೂ ಪರವಾನಗಿಗೆಂದು ನಕ್ಷೆ ಬರೆಸಲು ದುಡ್ಡು ತೆರಬೇಕಿಲ್ಲ. ಪಂಚಾಯಿತಿ ವ್ಯಾಪ್ತಿ ನಗರಾಭಿವೃದ್ಧಿ ಪ್ರಾಧಿಕಾರದ ಸ್ಥಳೀಯ ಯೋಜನಾ ಪ್ರದೇಶದೊಳಗೆ ಬಿದ್ದಿದ್ದರೆ ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಬೇಕು. ಹಾಸನ, ಚಿಕ್ಕಮಗಳೂರು ನಗರದ ಸುತ್ತಲಿನವರು ಇದನ್ನು ಗಮನಿಸಬೇಕು.

ಇಷ್ಟಾದ ಮೇಲೆ ನಿಮ್ಮ ನಿರ್ಣಯ ಹೇಗಿರಬೇಕು? ಸಡಿಲಿಕೆಯ ಮಾತು ಬೇಡ. ಹೀಗೆ ಬರೆಯಿರಿ: ‘ಈ ಸಾಲಿನ 40 ಗುರಿಯಲ್ಲಿ ದಾಖಲೆ ಸಹಿತ ಅರ್ಹರಾದ ಇಷ್ಟು ಕುಟುಂಬಗಳನ್ನು ಆಯ್ಕೆ ಮಾಡಲಾಗಿದೆ (ಪಟ್ಟಿ 1). ಪೌತಿ ಖಾತೆ, ವಿಭಾಗ, 94ಸಿ ಬಾಕಿ ಇರುವ ಇಷ್ಟು ಕುಟುಂಬಗಳಿವೆ (ಪಟ್ಟಿ 2, ಅರ್ಜಿ ಸಂಖ್ಯೆ ಸಹಿತ). ನಿವೇಶನರಹಿತ ಅರ್ಹ ಕುಟುಂಬಗಳು ಇಷ್ಟು (ಪಟ್ಟಿ 3). ಪಟ್ಟಿ 3ರ ಕುಟುಂಬಗಳಿಗೆ ಯೋಜನಾ ಮಾರ್ಗಸೂಚಿಯಂತೆ ರಾಜ್ಯ ಸರ್ಕಾರ ನಿವೇಶನ ಒದಗಿಸಬೇಕಿದ್ದು, ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನಲ್ಲಿ ಇಷ್ಟು ಎಕರೆಯನ್ನು 71ನೇ ಪ್ರಕರಣದಡಿ ಕಾಯ್ದಿರಿಸಲು, ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ನಡೆಸಲು ಕೋರಲಾಗಿದೆ. ನಿವೇಶನ ದೊರೆಯುವವರೆಗೆ ಉಳಿದ ಗುರಿಯನ್ನು ಈ ಪಂಚಾಯಿತಿಯ ಹೆಸರಿನಲ್ಲೇ ಮುಂದಿನ ಸಾಲಿಗೆ ಕಾಯ್ದಿಡಲು ವಿನಂತಿಸಲಾಗಿದೆ.’ ಪಹಣಿ, ಆಕಾರ್‌ಬಂದ್, ಜಾನುವಾರು ದೃಢೀಕರಣ, ಸ್ಥಳದ ಫೋಟೊ ಲಗತ್ತಿಸಿ. ಪ್ರತಿಗಳು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ, ತಹಶೀಲ್ದಾರ್, ವಲಯ ಅರಣ್ಯಾಧಿಕಾರಿ, ಜಿಲ್ಲಾಧಿಕಾರಿ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ರಾಜೀವ್ ಗಾಂಧಿ ವಸತಿ ನಿಗಮ, ಎಲ್ಲರಿಗೂ ಹೋಗಲಿ. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. 60 ದಿನದಲ್ಲಿ ಜಂಟಿ ಸರ್ವೆಯ ದಿನ ನಿಗದಿಯಾಗದಿದ್ದರೆ ಆ ಮುದ್ರೆ ಇರುವ ಪ್ರತಿಯನ್ನೇ ಮಾಹಿತಿ ಹಕ್ಕಿನ ಅರ್ಜಿಗೆ ಲಗತ್ತಿಸಿ, ಕಡತ ಯಾರ ಬಳಿ ಯಾವ ದಿನಾಂಕದಿಂದ ಇದೆ ಎಂಬ ಒಂದೇ ಪ್ರಶ್ನೆ ಕೇಳಿ.